ಮರಿ ಕೊಳ್ಳುವ ಮುನ್ನ ಅದರ ತಾಯಿಯನ್ನು ನೋಡಿ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ನಾಯಿಗಳಿಗೆ ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಉಗುರು ತೆಗೆಯುವುದು, ಕಿವಿ ಶುಚಿ ಮಾಡುವುದು ನನ್ನ ಕೆಲಸ. ಶುರು ಮಾಡಿ ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲು ಮೂರು ವರ್ಷ ಬೆಂಗಳೂರಿನಲ್ಲಿ ನಾಯಿಮರಿ ಮಾರುವವರೊಬ್ಬರ ಹತ್ತಿರ ಕೆಲಸಕ್ಕಿದ್ದೆ. "ಅಣ್ಣ, ಒಂದು ಮರಿ ತಗೋಬೇಕು ಅಂತಿದೀವಿ, ಎಲ್ಲಿ ಒಳ್ಳೇದು ಸಿಗುತ್ತೆ?" ಅಂತ ವಾರಕ್ಕೆ ಇಬ್ಬರಾದರೂ ಕೇಳುತ್ತಾರೆ. ಕೈಯಲ್ಲಿ ಒದ್ದೆ ನಾಯಿ ಹಿಡಿದುಕೊಂಡು ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮರಿ ನೋಡಲು ಹೋದಾಗ ಮೊದಲು ಮರಿಯನ್ನು ಎತ್ತಿಕೊಳ್ಳಬೇಡಿ. ಎತ್ತಿಕೊಂಡರೆ ಮುಗಿಯಿತು, ಆಮೇಲೆ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಗಿರಾಕಿ ಬಾಗಿಲು ದಾಟುತ್ತಿದ್ದ ಹಾಗೇ ಮಕ್ಕಳ ಕೈಗೆ ಮರಿ ಕೊಟ್ಟುಬಿಡು, ಆಮೇಲೆ ರೇಟು ಮಾತಾಡು ಅಂತ ನನಗೆ ಹೇಳಿಕೊಟ್ಟಿದ್ದರು. ಹಾಗೇ ಮಾಡುತ್ತಿದ್ದೆ ಕೂಡ. ಆದ್ದರಿಂದ ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಬೇಡಿ. ನೀವು ಕೈ ಹಿಂದೆ ಕಟ್ಟಿಕೊಂಡು ನಿಂತು ಒಂದೇ ಮಾತು ಕೇಳಿ: "ತಾಯಿ ಎಲ್ಲಿದೆ? ತೋರಿಸಿ."

ಬರುವ ಉತ್ತರಗಳು ನನಗೆ ಬಾಯಿಪಾಠ. ತಾಯಿ ಊರಲ್ಲಿದೆ. ಹೊಸಬರನ್ನ ಕಂಡರೆ ಕಚ್ಚುತ್ತೆ. ಈಗ ತಾನೇ ವಾಕಿಂಗ್‌ಗೆ ಕರೆದುಕೊಂಡು ಹೋದರು. ಫೋಟೋ ಕಳಿಸ್ತೀನಿ, ನಂಬರ್ ಕೊಡಿ. ಇಷ್ಟನ್ನೂ ನಾನೇ ಹೇಳಿದ್ದೇನೆ. ಹೇಳುವಾಗ ತಾಯಿ ಎಲ್ಲಿರುತ್ತಿತ್ತು ಅಂತ ಹೇಳುತ್ತೇನೆ ಕೇಳಿ. ಊರಾಚೆ ಒಂದು ಶೀಟಿನ ಶೆಡ್. ಒಳಗೆ ಎರಡು ಸಾಲು ಕಬ್ಬಿಣದ ಗೂಡು, ಗೂಡಿಗೆ ತಳವೂ ಜಾಲರಿಯದೇ. ಉಚ್ಚೆ ಕಕ್ಕಸ್ಸು ಕೆಳಗೆ ಬಿದ್ದುಹೋದರೆ ತೊಳೆಯುವ ಕೆಲಸ ಕಡಿಮೆ ಅಂತ. ಜಾಲರಿ ಮೇಲೆ ನಿಂತು ನಿಂತು ನಾಯಿಗಳ ಬೆರಳು ಅಗಲಿಸಿಹೋಗಿರುತ್ತಿದ್ದವು. ಉಗುರು ಸವೆಯಲು ನೆಲವೇ ಇಲ್ಲ, ಸುರುಳಿ ಸುತ್ತಿ ಅಂಗಾಲಿಗೇ ಚುಚ್ಚಿಕೊಂಡಿರುತ್ತಿದ್ದವು. ಬೆದೆಗೆ ಬಂದಾಗಲೆಲ್ಲ ಕ್ರಾಸ್ ಮಾಡಿಸುವುದು, ಅರವತ್ತಮೂರು ದಿನಕ್ಕೆ ಮರಿ, ಮೂವತ್ತೈದನೇ ದಿನಕ್ಕೆ ಮರಿಗಳನ್ನು ಬುಟ್ಟಿಗೆ ಹಾಕಿಕೊಂಡು ಹೊರಡುವುದು. ಅಲ್ಲೊಂದು ಹಳದಿ ಲ್ಯಾಬ್ರಡಾರ್ ಇತ್ತು. ಕೊನೆಯ ಮರಿಯನ್ನೂ ತೆಗೆದುಕೊಂಡ ಮೇಲೆ ಅದು ಕೂಗಾಡುತ್ತಿರಲಿಲ್ಲ. ತನ್ನ ಅಲ್ಯೂಮಿನಿಯಂ ತಟ್ಟೆಯನ್ನು ಬಾಯಲ್ಲಿ ಕಚ್ಚಿ ಮೂಲೆಗೆ ಎಳೆದುಕೊಂಡು ಹೋಗಿ, ಅದನ್ನು ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಸುತ್ತ ಮುದುರಿ ಮಲಗುತ್ತಿತ್ತು. ನೀರು ಹಾಕಲು ತಟ್ಟೆ ಬೇಕು ಅಂತ ಕೈ ಹಾಕಿದರೆ ಮಾತ್ರ ಗುರ್ ಅನ್ನುತ್ತಿತ್ತು.

ಆ ಮರಿಗಳನ್ನು ತಂದು ಸ್ನಾನ ಮಾಡಿಸಿ, ಪೌಡರ್ ಹಾಕಿ, ಹೊಸ ಬುಟ್ಟಿಯಲ್ಲಿ ಟವೆಲ್ ಹಾಸಿ ಕೂರಿಸುವುದು ನನ್ನ ಕೆಲಸವಾಗಿತ್ತು. ಐದು ವಾರದ ಮರಿಗೆ "ಎರಡು ತಿಂಗಳು ತುಂಬಿದೆ" ಅಂತ ಹೇಳುವುದೂ ನನ್ನ ಕೆಲಸವೇ. ಒಂದು ಮನೆಗೆ ಕೊಟ್ಟ ಮರಿ ಒಂಬತ್ತನೇ ದಿನ ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದು ಸತ್ತಿತು. ಫೋನ್ ಮಾಡಿದ್ದು ಆ ಮನೆಯ ಹುಡುಗಿ, ಏಳೆಂಟು ವರ್ಷ ಇರಬೇಕು. "ಅಂಕಲ್, ನಾವೇನು ತಪ್ಪು ಮಾಡಿದ್ವಿ?" ಅಂತ ಕೇಳಿತು. ಆ ತಿಂಗಳ ಸಂಬಳ ತೆಗೆದುಕೊಂಡು ಕೆಲಸ ಬಿಟ್ಟೆ. ಆ ಮಗುವಿಗೆ ನಿಜ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ತಾಯಿಯನ್ನು ತೋರಿಸಿದರು ಅಂತಿಟ್ಟುಕೊಳ್ಳಿ. ಏನು ನೋಡಬೇಕು? ಮರಿ ಹಾಕಿದ ನಾಯಿ ಸ್ವಲ್ಪ ಸೊರಗಿರುತ್ತದೆ, ಕೂದಲು ಉದುರಿಸುತ್ತದೆ, ಮೊಲೆ ಜೋತಿರುತ್ತದೆ. ಇದೆಲ್ಲ ಸಹಜ, ಅದಕ್ಕೆ ಹೆದರಬೇಡಿ. ಉಗುರು ನೋಡಿ. ಮೊಣಕೈ ಹತ್ತಿರ ಕೂದಲು ಹೋಗಿ ಚರ್ಮ ಕರಿಗಟ್ಟಿ ಹುಣ್ಣಾಗಿದೆಯಾ ನೋಡಿ, ಗಟ್ಟಿ ನೆಲದ ಮೇಲೆ ಕೂಡಿಟ್ಟ ನಾಯಿಗೆ ಹಾಗಾಗುತ್ತದೆ. ಹಲ್ಲು ನೋಡಿ, ಸವೆದು ಮುರಿದಿದ್ದರೆ ಗೂಡಿನ ಸರಳು ಕಡಿದಿರಬಹುದು. ಆಮೇಲೆ ಅದರ ಹೆಸರು ಕೇಳಿ. ಮನೆಯಲ್ಲಿ ಸಾಕಿದವರು ಕೇಳುವ ಮೊದಲೇ ಹೆಸರಿಟ್ಟು ಕರೆದಿರುತ್ತಾರೆ, ನಾಯಿಯೂ ತಿರುಗಿ ನೋಡಿರುತ್ತದೆ. ಶೆಡ್‌ನವರು ಒಂದು ಗಳಿಗೆ ತಡವರಿಸುತ್ತಾರೆ. ಆ ತಡವರಿಕೆ ಕಂಡರೆ ವಾಪಸ್ ಬನ್ನಿ.

ವಾಪಸ್ ಬರುವುದೇ ಕಷ್ಟ, ನನಗೆ ಗೊತ್ತು. "ಪಾಪ, ಈ ಒಂದನ್ನಾದರೂ ಕಾಪಾಡೋಣ" ಅಂತ ಅನಿಸುತ್ತದೆ. ಆದರೆ ನೀವು ಕೊಟ್ಟ ಹದಿನೈದು ಸಾವಿರದಿಂದ ಆ ತಾಯಿಗೆ ಮುಂದಿನ ಬೆದೆಯೂ ತಪ್ಪುವುದಿಲ್ಲ. ಮರಿ ಗೂಡಲ್ಲೇ ಉಳಿದು ರೇಟು ಬಿದ್ದಾಗ ಮಾತ್ರ ನಮ್ಮ ಯಜಮಾನರು ಕ್ರಾಸ್ ಮಾಡಿಸುವುದು ನಿಲ್ಲಿಸುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆಲ್ಲ ಕಾನೂನಿದೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ತಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮೊದಲು ಮೈಕ್ರೋಚಿಪ್ ಹಾಕಿಸಿರಬೇಕು, ಲಸಿಕೆಯ ದಾಖಲೆ ಕೊಡಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಕ್ರಾಸ್ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ, ಜೀವಮಾನದಲ್ಲಿ ಐದೇ ಸೂಲು. ನೋಂದಣಿ ಪತ್ರ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. "ಕೆಸಿಐ ಪೇಪರ್ ಇದೆಯಲ್ಲ ಸರ್" ಅಂತ ಕೆನಲ್ ಕ್ಲಬ್ಬಿನ ಕಾಗದ ಮುಂದೆ ಹಿಡಿಯುತ್ತಾರೆ. ಅದು ವಂಶಾವಳಿಯ ಕಾಗದ, ಅಪ್ಪ ಅಮ್ಮ ಯಾರು ಅಂತ ಹೇಳುತ್ತದೆ ಅಷ್ಟೆ. ಅಮ್ಮ ಹೇಗಿದ್ದಾಳೆ ಅಂತ ಅದರಲ್ಲಿ ಬರೆದಿರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಮಾತು ನಂಬಬೇಡಿ, ಬಾಯಿ ತೆರೆದು ನೋಡಿ. ಹಾಲುಹಲ್ಲು ಒಟ್ಟು 28. ಮುಂದಿನವು, ಕೋರೆಹಲ್ಲು ಮೂರು ನಾಲ್ಕು ವಾರಕ್ಕೆ ಮೊಳೆಯಲು ಶುರುವಾಗುತ್ತವೆ, ಹಿಂದಿನ ದವಡೆಯವು ತಡವಾಗಿ ಬರುತ್ತವೆ. ಎಂಟು ವಾರದ ಮರಿಗೆ ಹೆಚ್ಚುಕಡಿಮೆ ಎಲ್ಲವೂ ಬಂದಿರುತ್ತವೆ. ಕಿರುಬೆರಳನ್ನು ತುಟಿಯ ಪಕ್ಕದಿಂದ ಹಾಕಿ ಹಿಂದಿನ ದವಡೆ ಸವರಿ. ಬೋಳು ಬೋಳಾಗಿ ಸಿಕ್ಕರೆ ಮರಿ ಇನ್ನೂ ಎಳಸು. ತೀರಾ ಪುಟ್ಟ ತಳಿಗಳಲ್ಲಿ ಹಲ್ಲು ಸ್ವಲ್ಪ ನಿಧಾನ, ಅಲ್ಲಿ ಡಾಕ್ಟರನ್ನೇ ಕೇಳುವುದು ವಾಸಿ. ಎಂಟು ವಾರ ಯಾಕೆ ಅಂದರೆ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಅದು ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುವುದು. ಬೇಗ ಬಿಡಿಸಿ ತಂದ ಮರಿಗಳು ನನ್ನ ಟೇಬಲ್ಲಿಗೆ ಬಂದಾಗ ಗೊತ್ತಾಗಿಬಿಡುತ್ತದೆ. ಬ್ರಷ್ ಕಂಡರೂ ನಡುಗುತ್ತವೆ, ಬಾಯಿಗೆ ಸಿಕ್ಕಿದ್ದನ್ನು ಬಲವಾಗಿ ಕಚ್ಚಿ ಹಿಡಿಯುತ್ತವೆ. ಮನೆಯವರು "ಇದಕ್ಕೆ ಕೋಪ ಜಾಸ್ತಿ" ಅನ್ನುತ್ತಾರೆ. ಕೋಪವಲ್ಲ, ಪಾಠ ತಪ್ಪಿಹೋಗಿದೆ.

ಲಸಿಕೆ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದ ತಾರೀಖು ಸಾಲದು. ಔಷಧಿ ಸೀಸೆಯ ಮೇಲಿನ ಚೀಟಿ ಅಂಟಿಸಿರಬೇಕು, ಪಕ್ಕದಲ್ಲಿ ಡಾಕ್ಟರ ಸಹಿ, ಮೊಹರು. ಜಂತುಹುಳು ಔಷಧಿ ಯಾವಾಗ ಹಾಕಿದರು ಕೇಳಿ; ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಹುಳು ತುಂಬಿದೆ ಅಂತ ತಿಳಿಯಿರಿ. ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ, ವಿಡಿಯೋ ಕಾಲ್‌ನಲ್ಲಿ ನೋಡಿ ಅಡ್ವಾನ್ಸ್ ಹಾಕಿ ಅನ್ನುವವರಿಗೆ ದುಡ್ಡು ಹಾಕಲೇಬೇಡಿ.

ಮನೆಗೆ ಬಂದ ಮೇಲೆ ಎರಡು ದಿನದೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ. ಲಸಿಕೆ ಒಂದು ಸಲ ಹಾಕಿದರೆ ಮುಗಿಯುವುದಿಲ್ಲ. ಆರೆಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ ನಡೆಯುತ್ತದೆ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯದೆ ಹೋಗಬಹುದು, ಅದಕ್ಕೇ ಮತ್ತೆ ಮತ್ತೆ ಹಾಕುವುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಗಳೆಲ್ಲ ಮುಗಿಯುವವರೆಗೆ ಪಾರ್ಕು, ಬೀದಿ ನೆಲ ಬೇಡ. ಹೊರಗಿನ ಪ್ರಪಂಚ ತೋರಿಸಬೇಕೆಂದರೆ ಎತ್ತಿಕೊಂಡೇ ತೋರಿಸಿ. ಮರಿ ಊಟ ಬಿಟ್ಟು ಮಂಕಾಗಿ, ವಾಂತಿ ಮಾಡಿ, ಕೆಟ್ಟ ವಾಸನೆಯ ರಕ್ತಭೇದಿ ಶುರುವಾದರೆ ನಾಳೆ ನೋಡೋಣ ಅನ್ನಬೇಡಿ. ಮಜ್ಜಿಗೆ, ಗ್ಲೂಕೋಸು ಕುಡಿಸುತ್ತಾ ಕೂರಬೇಡಿ. ಪಾರ್ವೊ ಇದ್ದರೆ ಮರಿ ಉಳಿಯುವುದು ಡ್ರಿಪ್ ಎಷ್ಟು ಬೇಗ ಹಾಕಿದರು ಅನ್ನುವುದರ ಮೇಲೆ. ಆ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಬ್ಲೀಚ್ ನೀರಲ್ಲಿ ನೆಲ ಒರೆಸಬೇಕು. ಒಂದು ಮರಿ ಹಾಗೆ ಹೋದ ಮನೆಗೆ ಮುಂದಿನ ವಾರವೇ ಇನ್ನೊಂದು ಎಳೇ ಮರಿ ತರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾವ ತಳಿ ಅಂತ ಕೇಳುವವರಿಗೆ ನಾನು ಮೊದಲು ಮನೆ ಯಾವುದು ಅಂತ ಕೇಳುತ್ತೇನೆ. 2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಒಂದು ಪಗ್ ಓಡಿತು, ಊರಿಗೆ ಊರೇ ಪಗ್ ಹುಡುಕಿತು. ಚಪ್ಪಟೆ ಮೂತಿಯ ಆ ನಾಯಿಗೆ ಉಸಿರಾಟವೇ ಒಂದು ದುಡಿಮೆ. ನಾಯಿ ತನ್ನ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಮೂಗಿನ ದಾರಿಯೇ ಕಿರಿದಾದರೆ ಏಪ್ರಿಲ್ ಮಧ್ಯಾಹ್ನ ಅದು ಏನು ಮಾಡಬೇಕು? ಈಗ ಹಸ್ಕಿಯ ಕಾಲ. ಹಿಮದಲ್ಲಿ ಬಂಡಿ ಎಳೆಯುವ ನಾಯಿಯನ್ನು ಮೂರನೇ ಮಹಡಿಯ ಎರಡು ಕೋಣೆಯಲ್ಲಿಟ್ಟು, ಸೆಕೆ ಅಂತ ಮೈ ಬೋಳಿಸಿಕೊಡಿ ಅನ್ನುತ್ತಾರೆ. ನಾನು ಬೋಳಿಸುವುದಿಲ್ಲ. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮೊದಲಿನಂತೆ ಬಾರದೆಯೂ ಇರಬಹುದು. ನಮ್ಮ ಮುಧೋಳ ನಾಯಿಯ ಕಥೆಯೂ ಹೀಗೇ ಆಗುತ್ತಿದೆ. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ನಾಯಿ, ಸೇನೆಗೂ ಹೋದ ನಾಯಿ. ಹೆಮ್ಮೆ ಸರಿ. ಆದರೆ ಮೊಲದ ಹಿಂದೆ ಬಯಲಲ್ಲಿ ಓಡಲಿಕ್ಕೆಂದೇ ಆದ ಕಾಲುಗಳವು. ದಿನಕ್ಕೆರಡು ಸಲ ಬಿಟ್ಟು ಓಡಿಸಲು ಜಾಗ ಇಲ್ಲದವರು ಹೆಮ್ಮೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿ. ಜಾಗ ಇದ್ದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಇನ್ನು ಬೀದಿಯ ನಾಡತಳಿ ಮರಿ ನಮ್ಮ ಹವೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ದುಡ್ಡೂ ಕೇಳುವುದಿಲ್ಲ.

ಈಗ ಮುದ್ದಿನ ಮಾತು. ಹೋದ ವರ್ಷ ಒಬ್ಬ ಅಕ್ಕ ಅವರ ಮನೆಯ ಶಿಟ್ಜು ನಾಯಿಯನ್ನು ತಂದರು, ಉದ್ದ ಕೂದಲಿನ ಪುಟ್ಟ ತಳಿ ಅದು. ಜರಿ ಅಂಚಿನ ಗುಲಾಬಿ ಫ್ರಾಕು, ಕೂದಲಿಗೆ ಎರಡು ಕ್ಲಿಪ್ಪು. ಹಿಂದಿನ ದಿನ ಹುಟ್ಟುಹಬ್ಬ, ಕೇಕ್ ಕತ್ತರಿಸಿದ ಫೋಟೋ ತೋರಿಸಿದರು. "ಅಣ್ಣ, ಉದ್ದ ಕೂದಲು ಹಾಗೇ ಇರಲಿ, ಸ್ವಲ್ಪ ಟ್ರಿಮ್ ಮಾಡಿ ಸಾಕು" ಅಂದರು. ಫ್ರಾಕು ಬಿಚ್ಚಿದೆ. ಮೇಲ್ಗಡೆ ನಯವಾಗಿ ಬಾಚಿದ ಕೂದಲು, ಒಳಗೆ ಕೈ ಹಾಕಿದರೆ ಕಂಬಳಿ. ಕಂಕುಳಲ್ಲಿ, ಕಿವಿ ಹಿಂದೆ, ತೊಡೆಸಂದಿನಲ್ಲಿ ಕೂದಲು ಗಂಟುಕಟ್ಟಿ ಚರ್ಮಕ್ಕೆ ಅಂಟಿಕೊಂಡಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಕಂಕುಳಿನ ಗಂಟು ಚರ್ಮವನ್ನು ಜಗ್ಗುತ್ತದೆ. ಎರಡು ಗಂಟೆ ಹಿಡಿಯಿತು ತೆಗೆಯಲು. ಕೆಳಗೆ ಚರ್ಮ ಕೆಂಪಗೆ ಹಸಿಯಾಗಿತ್ತು, ಮಡಿಕೆಯಲ್ಲಿ ರಕ್ತ ಹೀರುವ ನಾಲ್ಕು ಉಣ್ಣಿ. ಆ ಅಕ್ಕ ಕೆಟ್ಟವರಲ್ಲ, ನೋಡಿ ಅಲ್ಲೇ ಅತ್ತರು. ದಿನಾ ಬಾಚುತ್ತಿದ್ದರು, ಆದರೆ ಮೇಲುಮೇಲೆ. ಹೀಗೆ ಮಾಡಿ: ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮದ ಗೆರೆ ಕಾಣುವ ಹಾಗೆ ಪದರ ಪದರವಾಗಿ ಬುಡದಿಂದ ಬಾಚಿ, ಕೊನೆಗೆ ಸ್ಟೀಲ್ ಬಾಚಣಿಗೆ ಹಾಕಿ ನೋಡಿ. ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳದೆ ಬುಡದಿಂದ ತುದಿಗೆ ಬಂದರೆ ಆಯಿತು. ಸ್ನಾನಕ್ಕೆ ಮೊದಲು ಬಾಚಬೇಕು. ಗಂಟಿಗೆ ನೀರು ಬಿದ್ದರೆ ಇನ್ನೂ ಬಿಗಿಯುತ್ತದೆ. ದಿನಾ ಅಷ್ಟು ಹೊತ್ತಿಲ್ಲ ಅನ್ನುವವರು ಕೂದಲನ್ನು ಗಿಡ್ಡ ಇಡಿಸಿ. ನಾಯಿಗೆ ಉದ್ದ ಕೂದಲಿನ ಆಸೆಯಿಲ್ಲ.

ಉಣ್ಣಿ ಕಂಡರೆ ಅಲಕ್ಷ್ಯ ಬೇಡ, ಅದರಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳನ್ನು ಸುಮ್ಮನೆ ಒಳಗೊಳಗೇ ತಿಂದುಹಾಕುತ್ತದೆ. ಉಗುರು ನೆಲಕ್ಕೆ ತಾಗಿ ಟಕ್ ಟಕ್ ಸದ್ದು ಬಂದರೆ ಕತ್ತರಿಸುವ ಸಮಯ. ಸೆಂಟ್ ಹೊಡೆಯಬೇಡಿ, ವಾಸನೆಯಲ್ಲೇ ಬದುಕುವ ಪ್ರಾಣಿಗೆ ಅದು ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ.

ತಿನ್ನಿಸುವುದೇ ಪ್ರೀತಿ ಅಂದುಕೊಂಡಿರುವುದು ನಮ್ಮ ಮನೆಗಳ ದೊಡ್ಡ ರೋಗ. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲದು. ಚಾಕೊಲೇಟು ವಿಷ. ಬಿರಿಯಾನಿಯ ಈರುಳ್ಳಿ ರಕ್ತ ಒಡೆಯುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕಾಫಿ ಜೊತೆ ಎರಡೆರಡು ಬಿಸ್ಕತ್ತು ಹಾಕಿ ಹಾಕಿ ನನ್ನ ಟೇಬಲ್ಲಿಗೆ ನಲವತ್ತೆಂಟು ಕೆ.ಜಿ.ಯ ಲ್ಯಾಬ್ರಡಾರ್ ಬರುತ್ತದೆ, ಎತ್ತಲು ಇಬ್ಬರು ಬೇಕು. ಅದರ ಮೊಣಕಾಲು ಆ ಭಾರವನ್ನು ದಿನವಿಡೀ ಹೊರುತ್ತಿರುತ್ತದೆ. ಪಕ್ಕೆ ಮೇಲೆ ಅಂಗೈ ಇಡಿ, ಒತ್ತದೆಯೇ ಎಲುಬು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಇವತ್ತಿನಿಂದಲೇ ಊಟ ಅಳೆದು ಹಾಕಿ.

ನಮ್ಮೂರು ಮದ್ದೂರಿನ ಕಡೆ. ಆ ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949–50ರಲ್ಲಿ, ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರ ಅನ್ನುವ ವೀರನಿಗೆ ಅವನ ಒಡೆಯ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಕಾಳಿ ಅನ್ನುವ ನಾಯಿಯನ್ನು ಕೇಳಿದ. ಕಾಳಿ ಹಂದಿಯ ಜೊತೆ ಕಾದಿ, ಎರಡೂ ಸತ್ತವು. ಊರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಅಂತ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹಂದಿ ಎದುರು ನಾಯಿ ನಿಂತ ಚಿತ್ರದ ಸಮೇತ. ಮಕ್ಕಳಿಗೆ ತೋರಿಸಿ. ಕಲ್ಲಿನ ಮೇಲೆ ಅದನ್ನು ನಾಯಿಯಾಗಿಯೇ ಕೆತ್ತಿದ್ದಾರೆ. ನಾನೂ ಅದನ್ನೇ ಕೇಳುವುದು. ಬೆಳಿಗ್ಗೆ ಅರ್ಧ ಗಂಟೆ ಹೊರಗೆ ಕರೆದುಕೊಂಡು ಹೋಗಿ, ಫೋನ್ ಜೇಬಿಗೆ ಹಾಕಿ, ಪ್ರತಿ ಕಂಬ ಪ್ರತಿ ಪೊದೆ ಅದು ಮೂಸಿ ಮುಗಿಸುವವರೆಗೆ ನಿಲ್ಲಿ. ಹುಟ್ಟುಹಬ್ಬದ ಉಡುಗೊರೆ ಅದೇ ಆಗಲಿ.

ನಿಮ್ಮ ಮನೆಯ ನಾಯಿಯೇ ಮರಿ ಹಾಕಿದ್ದರೆ ನೀವೂ ಮಾರುವವರೇ, ನಿಯತ್ತು ನಿಮಗೂ ಬೇಕು. ಎಂಟು ವಾರ ತಾಯಿ ಜೊತೆ ಬಿಡಿ, ಲಸಿಕೆ ಹಾಕಿಸಿ. ಒಯ್ಯುವವರನ್ನು ಕೇಳಿ: ಹಗಲು ಮನೆಯಲ್ಲಿ ಯಾರಿರುತ್ತಾರೆ? ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಮೊದಲು ಸಾಕಿದ ನಾಯಿ ಏನಾಯಿತು? ಕೊನೆಯ ಪ್ರಶ್ನೆಗೆ ಬರುವ ಉತ್ತರ ಗಮನವಿಟ್ಟು ಕೇಳಿ. "ಯಾವತ್ತೇ ಬೇಡ ಅನಿಸಿದರೂ ನನಗೇ ವಾಪಸ್ ಕೊಡಿ, ಬೀದಿಗೆ ಬಿಡಬೇಡಿ" ಅಂತ ಬರೆದುಕೊಡಿ, ಬರೆಸಿಕೊಳ್ಳಿ. "ಒಂದು ಸಲವಾದರೂ ತಾಯಾಗಲಿ ಪಾಪ" ಅನ್ನುವ ಮಾತಿದೆಯಲ್ಲ, ನಾಯಿಗೆ ಆ ಹಂಬಲ ಇಲ್ಲ. ಮರಿಯಾಗದಂತೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದಾಗ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಂತೂ ಇದೆ. ಡಾಕ್ಟರ ಹತ್ತಿರ ಸಮಯ ಕೇಳಿ ಮಾಡಿಸಿಬಿಡಿ.

ಮರಿಯೇ ಯಾಕೆ, ದೊಡ್ಡ ನಾಯಿ ಯಾಕಾಗಬಾರದು ಅಂತಲೂ ಯೋಚಿಸಿ. ಸೂಲು ಮುಗಿದ ತಾಯಂದಿರನ್ನು ಶೆಡ್‌ನವರು ಇಟ್ಟುಕೊಳ್ಳುವುದಿಲ್ಲ. ಕೆಲವು ಬೀದಿಗೆ, ಅದೃಷ್ಟವಿದ್ದರೆ ಪ್ರಾಣಿಗಳನ್ನು ಕಾಪಾಡುವ ಬೆಂಗಳೂರಿನ ಕ್ಯೂಪಾದಂಥ (CUPA) ಸಂಸ್ಥೆಗಳಿಗೆ ಬರುತ್ತವೆ. ನನ್ನ ಗೌರಿ ಹಾಗೆ ಬಂದವಳು, ಆರೇಳು ವರ್ಷದ ಲ್ಯಾಬ್ರಡಾರ್. ಇಂಥವರನ್ನು ತಂದರೆ ಮೊದಲ ತಿಂಗಳು ಏನನ್ನೂ ಕಲಿಸಬೇಡಿ. ಒಂದು ಮೂಲೆ, ಒಂದು ಹಳೇ ಕಂಬಳಿ, ಹೊತ್ತಿಗೆ ಸರಿಯಾಗಿ ಊಟ, ಸಾಕು. ಮೆಟ್ಟಿಲು ಗೊತ್ತಿರುವುದಿಲ್ಲ. ಮಿಕ್ಸಿ ಸದ್ದಿಗೆ ಉಚ್ಚೆ ಹೊಯ್ಯುತ್ತವೆ, ಬೈಯಬೇಡಿ. ಹುಲ್ಲಿನ ಮೇಲೆ ಬಿಟ್ಟ ಮೊದಲ ದಿನ ಗೌರಿ ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ಎತ್ತಿ ನೋಡಿಕೊಂಡು ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ, ಕರೆಯಲಿಲ್ಲ. ಅವಳ ಊಟಕ್ಕೆ ಅಲ್ಯೂಮಿನಿಯಂ ತಟ್ಟೆ ಇಟ್ಟಿಲ್ಲ, ಮಣ್ಣಿನ ಬೋಗುಣಿ ಇಟ್ಟಿದ್ದೇನೆ. ಬಾಯಲ್ಲಿ ಎಳೆಯಲಾಗದಷ್ಟು ಭಾರದ್ದು.